ಬಾಗಿಲ ಪಕ್ಕದ ಗೀಟು

ವಕೀಲಮ್ಮ ಒಂದೊಂದೇ ಬೆರಳು ಮಡಚಿದರು. "ನಿಮ್ಮ ಮದುವೆಯ ಪತ್ರ ಇದೆ. ಮಗು ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮ ಜೊತೆಗಿದ್ದಾಳೆ ಅನ್ನೋದಕ್ಕೆ ಶಾಲೆಯವರ ಕಾಗದ ಇದೆ. ಹನ್ನೆರಡು ದಾಟಿದ್ದಾಳಲ್ಲ, ದತ್ತು ಹೋಗೋಕೆ ಅವಳ ಒಪ್ಪಿಗೆನೂ ಬೇಕು."

ಮಗಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಒಂದು ಷರತ್ತು. ಅಪ್ಪ ಇನ್ಮೇಲೆ ನನ್ನ ಸ್ಕರ್ಟಿಗೆ ನಾಲ್ಕು ಬೆರಳು ಮಡಿಕೆ ಬಿಡಬಾರ್ದು. ಬೆಳೀತಾಳೆ, ಬೆಳೀತಾಳೆ ಅಂತ ಆರು ವರ್ಷದಿಂದ ದೊಗಳೆ ಹಾಕ್ಕೊಂಡು ಸಾಕಾಗಿದೆ."

"ಟೈಲರ್ ಮನೆ ಮಗಳಿಗೇ ಬಟ್ಟೆಗೆ ಗತಿಯಿಲ್ಲ," ಎಂದು ನನ್ನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ವಕೀಲಮ್ಮನ ನಾಲ್ಕನೆಯ ಬೆರಳು ಇನ್ನೂ ನೆಟ್ಟಗಿತ್ತು.

"ಇನ್ನು ಹೆತ್ತ ತಂದೆಯ ಒಪ್ಪಿಗೆ. ಅದಿಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ. ಸೈನ್ ಹಾಕಿದ್ರೆ ಅವಳ ಮೇಲೆ ಅವರಿಗೆ ಹಕ್ಕು ಉಳಿಯಲ್ಲ, ಅದನ್ನ ಮುಚ್ಚಿಡದೆ ಹೇಳಿ. ಒತ್ತಾಯ ಮಾತ್ರ ಮಾಡ್ಬೇಡಿ. ಮತ್ತೆ, ಮೂವತ್ತು ದಿನದೊಳಗೆ ಮನಸ್ಸು ಬದಲಾದ್ರೆ ಅವರು ವಾಪಸ್ ತಗೋಬಹುದು."

ಮಾತು ನನ್ನ ಕಸುಬಿನ ಅರ್ಧ. ಆದರೆ ಆ ಭಾನುವಾರ ಮಗಳ ಹೆತ್ತ ತಂದೆಯ ಮನೆಯಲ್ಲಿ ಕೂತಾಗ, ವಕೀಲಮ್ಮ ಹೇಳಿದ್ದಷ್ಟನ್ನೇ ಹೇಳಿ ಕಾಗದ ಮುಂದಿಟ್ಟೆ. ಅವರು ಗೋಡೆಗೆ ಬಣ್ಣ ಬಳಿಯುವವರು. ಮಗಳಿಗೆ ಐದಾಗಿದ್ದಾಗ ಮನೆ ಬಿಟ್ಟು ಹೋದವರು. ಕಾಗದವನ್ನು ಎರಡು ಸಲ ಓದಿದರು. ಹಕ್ಕಿನ ಸಾಲನ್ನು ಬೆರಳಿಟ್ಟು ಮೂರನೆಯ ಸಲ ಓದಿದರು. ಎಲ್ಲಿ ಒತ್ತಾಯದ ಮಾತು ಬಾಯಿಂದ ಜಾರುತ್ತದೋ ಎಂದು ನಾನು ತುಟಿ ಕಚ್ಚಿಕೊಂಡೆ.

"ಈಗ ಎಷ್ಟುದ್ದ ಆಗಿದ್ದಾಳೆ?" ಎಂದರು ಕೊನೆಗೆ.

ಕೊರಳಿನ ಟೇಪು ತೆಗೆದು ಬಾಗಿಲ ಪಕ್ಕದ ಗೋಡೆಗೆ ನೆಲದಿಂದ ಹಿಡಿದೆ; ಜೇಬಿನ ಸೀಮೆಸುಣ್ಣದಿಂದ ಗೀಟೆಳೆದೆ. "ಇಷ್ಟು. ಹೋದ ವಾರ ಅಳೆದಿದ್ದು. ಭುಜ ಇಲ್ಲಿಗೆ. ಎಡಗೈ ಬಲಗೈಗಿಂತ ಅರ್ಧ ಬೆರಳು ಉದ್ದ."

"ನನ್ನ ಹಾಗೇ," ಎಂದು ಅವರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಗೀಟಿನ ಎದುರು ಹೋಗಿ ನಿಂತರು. ಅದು ಅವರ ಗದ್ದಕ್ಕೆ ಬರುತ್ತಿತ್ತು. "ನೋಟರಿ ಹತ್ರ ನಾಳೆ ಎಷ್ಟೊತ್ತಿಗೆ ಬರ್ಲಿ?"

ಸೈನ್ ಆಯಿತು, ನನ್ನ ದಿನ ಎಣಿಕೆಯೂ ಶುರುವಾಯಿತು. ಟೇಪನ್ನು ಎಲ್ಲಿ ಬಿಟ್ಟೆನೆಂಬ ನೆನಪೂ ಇರಲಿಲ್ಲ. "ಇನ್ನೊಂದಿನ ತಲೇನೂ ಮರೆತು ಬರ್ತೀರಿ," ಎಂದಳು ಹೆಂಡತಿ. ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡ ತೋಳನ್ನೇ ಹೊಲಿದುಬಿಟ್ಟೆ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಅಂಗಡಿಯ ಹೊಸ್ತಿಲಲ್ಲಿ ಅವರೇ ನಿಂತಿದ್ದರು. ಮನಸ್ಸು ಬದಲಾಯಿತೇನೋ ಎಂದುಕೊಂಡು ಹೊಲಿಗೆ ಯಂತ್ರ ನಿಲ್ಲಿಸಿದೆ. ಅವರು ಜೇಬಿಗೆ ಕೈ ಹಾಕಿದರು. ಬಂದದ್ದು ಕಾಗದವಲ್ಲ, ನೀಟಾಗಿ ಸುತ್ತಿದ ನನ್ನ ಟೇಪು.

"ಇದಿಲ್ದೆ ಹೇಗ್ರೀ ಹೊಲೀತಿದ್ರಿ?"

"ಎರಡು ಎಡ ತೋಳು ಹಾಕಿ!" ಎಂದೆ. ಇಬ್ಬರೂ ನಕ್ಕೆವು. ನನ್ನ ಕಣ್ಣು ಒದ್ದೆಯಾಗಿತ್ತು.

"ಮನೆಗೆಲ್ಲ ಬಣ್ಣ ಬಳಿದೆ," ಎಂದರು ಅವರು. "ಗೀಟಿರೋ ಜಾಗ ಮಾತ್ರ ಬಿಟ್ಟಿದ್ದೀನಿ."

"ಮುಂದಿನ ಗೀಟಿಗೆ ಅವಳನ್ನೇ ಕರ್ಕೊಂಡು ಬರ್ತೀನಿ. ಅವಳು ಒಪ್ಪಿದ್ರೆ."

"ಒಪ್ಪದಿದ್ರೆ?"

"ಅಳತೆ ತರ್ತೀನಿ."

ಥ್ಯಾಂಕ್ಸ್ ಅನ್ನಲು ಹೊರಟೆ. ಅವರು ಕೊಟ್ಟದ್ದರ ಮುಂದೆ ಆ ಮಾತು ತೀರಾ ಗಿಡ್ಡವಾಗಿ ಕಂಡಿತು. "ಒಳಗೆ ಬನ್ನಿ, ಕೈ ಚಾಚಿ. ಒಂದು ಅಂಗಿ ಹೊಲಿದು ಕೊಡ್ತೀನಿ," ಎಂದೆ.

ಮೂವತ್ತು ದಿನ ಕಳೆದ ಮೇಲೆ ವಕೀಲಮ್ಮ ಅರ್ಜಿ ಸಲ್ಲಿಸಿದರು. ಆದೇಶ ಬಂದ ದಿನ ಮಗಳು ಅಂಗಡಿಯಲ್ಲಿ ಆ ಅಂಗಿಯನ್ನು ಎತ್ತಿ ಹಿಡಿದಳು.

"ಅಪ್ಪಾ, ಮತ್ತೆ ತಪ್ಪು ಮಾಡಿದ್ದೀಯ. ಎಡ ತೋಳು ಉದ್ದ ಆಗಿದೆ."

"ಅದು ಹಾಗೇ ಇರ್ಬೇಕು."

ಅವಳು ಒಂದು ಗಳಿಗೆ ತನ್ನ ಎಡಗೈಯನ್ನೇ ನೋಡಿಕೊಂಡಳು. "ಅವರದ್ದಾ?"

"ಹ್ಞೂಂ."

ಸೂಜಿಗೆ ದಾರ ಪೋಣಿಸುತ್ತಾ ನನ್ನ ಪಕ್ಕ ಕೂತಳು. "ಇದರ ಗುಂಡಿ ನಾನು ಹಾಕ್ತೀನಿ."