ಚಂಪಾಬಾಯಿಗೂ ಶರೀಫಾಗೂ ನಡುವೆ

ಪುಟ್ಟಿ ಬರಲಿಲ್ಲ, ಕೆಳಗೆ ಮಿಕ್ಸರ್ ಗರಗರ ತಿರುಗುತ್ತಲೇ ಇದೆ, ಕೈಯಿಂದ ಕೈಗೆ ಏರಿ ಬರಬೇಕಾದ ಕಾಂಕ್ರೀಟಿನ ಪುಟ್ಟಿ ಮಾತ್ರ ಬರಲಿಲ್ಲ, ಮುರುಗೆವ್ವ ಮಾಳಿಗೆಯ ಅಂಚಿನಿಂದ ಬಗ್ಗಿ ನೋಡುತ್ತಾಳೆ, ಸಾಲಿನ ನಡುವೆ ಚಂಪಾಬಾಯಿ ಎರಡೂ ಕೈ ಎತ್ತಿ ತುಂಬಿದ ಪುಟ್ಟಿ ಹಿಡಿದು ನಿಂತಿದ್ದಾಳೆ, ಇಸಿದುಕೊಳ್ಳಬೇಕಾದ ಯಲ್ಲವ್ವ ಕೆಳಗಿಳಿದು ಗೇರುಮರದ ನೆರಳು ಹಿಡಿದಿದ್ದಾಳೆ — ನಾ ಒಲ್ಲೆ ವೈನಿ, ಲಂಬಾಣ್ಯಾರ ಬಾಜೂಕ ನಿಂದ್ರಾಂಗಿಲ್ಲ, ನಮ್ಮವರ ಹಂತ್ಯಾಕ ಹಾಕು, ಇಲ್ಲಾಂದ್ರ ಊರಿಗೆ ಹೊಂಟೆ — ಮುರುಗೆವ್ವನ ಗಂಡನ ತಂಗಿ, ಲೋಂಡಾದಲ್ಲಿ ಗಾಡಿ ಬದಲಿಸುವಾಗ ಕಳೆದುಹೋದಾಳೆಂದು ಸೆರಗಿಗೆ ಸೆರಗು ಗಂಟು ಹಾಕಿಕೊಂಡು ಗೋವಾದ ಸಾಂಕೋಲೆಗೆ ಕರೆತಂದ ಹುಡುಗಿ, ಈ ಪರದೇಶದಲ್ಲಿ ವೈನಿ ಅನ್ನುವುದು ಇದೊಂದೇ ಬಾಯಿ, ಉಳಿದವರಿಗೆಲ್ಲ ಅವಳು ಆಳುಗಳನ್ನು ನಡೆಸುವ ಮುಕಾದಮ್‌ಬಾಯಿ. ತಪ್ಪು ತನ್ನದೇ ಇರಬೇಕು, ಲಂಬಾಣ್ಯಾರು ನೀರಿನ ಕೊಡ ಮುಟ್ಟಿದರೆಂದು ನಮ್ಮ ಹೆಂಗಸರು ಕೊಡವನ್ನೇ ಬೋರಲು ಹಾಕಿದ ದಿನ ಗುತ್ತಿಗೆ ಹಿಡಿದ ಸಾಹೇಬ ಅಂದಿದ್ದ, ಲಂಬಾಣ್ಯಾರನ್ನು ಕೆಲಸದಿಂದ ತೆಗೆದುಬಿಡು, ಅವಳು ಅಂದಿದ್ದಳು, ಯಾರೂ ಹೋಗೂದಿಲ್ರಿ ಸಾಹೇಬ್ರ, ಮರುದಿನವೇ ಸಾಲು ಮುರಿದು ಜಡೆ ಹೆಣೆದ ಹಾಗೆ ನಿಲ್ಲಿಸಿದಳು, ಒಬ್ಬಳು ನಮ್ಮವಳು, ಒಬ್ಬಳು ಲಂಬಾಣಿ, ಒಬ್ಬಳು ಸಾಬರವಳು, ಒಬ್ಬಳು ಕೊಂಕಣಿ, ಕೈ ಕೂಡಿದರೆ ಬಾಯಿ ಕೂಡೀತು ಎಂದುಕೊಂಡಳು, ಕೂಡಲಿಲ್ಲ, ಜಗಳ ನಿಂತಿತು, ಅದರ ಜೊತೆ ಹಾಡೂ ನಿಂತಿತು, ಮಧ್ಯಾಹ್ನ ಮತ್ತೆ ಅವರವರ ಗುಂಪು, ಹೋಗವ್ವ, ನಿನ್ನ ಲಂಬಾಣ್ಯಾರ ಕೂಡ ಉಣ್ಣು, ಅಂತಾರೆ ನಮ್ಮವರು, ಬರ್ರಿ ಮುಕಾದಮ್‌ಬಾಯಿ ಅಂತಾರೆ ಅವರು, ಹೋಗಿ ಕೂತರೆ ನಡೆಯುತ್ತಿದ್ದ ಮಾತು ಗಪ್ಪನೆ ನಿಲ್ಲುತ್ತದೆ, ಸಿಮೆಂಟ್ ಚೀಲದ ಮೇಲೆ ಒಬ್ಬಳೇ ಕೂತು ರೊಟ್ಟಿ ಮುರಿಯುತ್ತಾಳೆ, ರೊಟ್ಟಿ ಮುರಿದ ಸದ್ದು ಇಷ್ಟು ದೊಡ್ಡದೆಂದು ಮೊದಲು ಗೊತ್ತಿರಲಿಲ್ಲ — ಅರೇ ಮುಕಾದಮ್, ಕಾಮ್ ಕಾಯ್ಕೂ ರುಕ್ಯಾ, ಕೆಲಸ ಯಾಕೆ ನಿಂತಿತೆಂದು ಸಾಹೇಬ ಕೂಗುತ್ತಾನೆ, ಹಾಕುತ್ತಿರುವ ಸ್ಲ್ಯಾಬ್ ನಡುವೆ ನಿಲ್ಲಬಾರದು, ನಿಂತ ಕಡೆಯೇ ಮಳೆಗಾಲದಲ್ಲಿ ಸೋರುತ್ತದೆ. ಎಷ್ಟು ಹಗುರ, ಚಂಪಾಬಾಯಿಯನ್ನು ಕೆಳಗೆ ಕಳಿಸಿ ಆ ಜಾಗಕ್ಕೆ ನಮ್ಮವರ ಗಿರಿಜವ್ವನನ್ನು ಹತ್ತಿಸಿದರೆ ಆಯಿತು, ಯಲ್ಲವ್ವ ನಗುತ್ತ ಏರಿ ಬರುತ್ತಾಳೆ, ಸಂಜೆ ಗುಡಿಸಲಿನಲ್ಲಿ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಆಡಬಹುದು, ನಾಳೆ ಇನ್ನೊಬ್ಬಳು ಕೇಳುತ್ತಾಳೆ, ನಾಡಿದ್ದು ಮತ್ತೊಬ್ಬಳು, ಆಮೇಲೆ ಮತ್ತೆ ಅದೇ ಬೋರಲು ಕೊಡ. ಮುರುಗೆವ್ವ ಅಟ್ಟಣಿಗೆ ಹಿಡಿದು ಇಳಿಯುತ್ತಿದ್ದಾಳೆ, ಬಿದಿರು ಕಿರುಗುಟ್ಟುತ್ತದೆ, ಆಕೀನ ಕರೀರಿ ಮುಕಾದಮ್‌ಬಾಯಿ, ಪಿಸುಗುಟ್ಟುತ್ತಾಳೆ ಚಂಪಾಬಾಯಿ, ನಾನಽ ಕೆಳಗ ಹೋಗ್ತೇನಿ, ನಮಗ ರೂಢಿ ಐತಿ. ರೂಢಿ. ನೀ ಅಲುಗಬ್ಯಾಡವ್ವ, ಅಂದವಳೇ ಮುರುಗೆವ್ವ ಯಲ್ಲವ್ವನ ಜಾಗದಲ್ಲಿ ನಿಂತು ಪುಟ್ಟಿ ಇಸಿದುಕೊಂಡು ಮೇಲೆ ನಿಂತ ಸಾಬರ ಶರೀಫಾಗೆ ಕೊಟ್ಟಳು, ಸಾಲು ಹರಿಯಿತು, ಗೇರುಮರದ ಕಡೆ ಸೀರೆ ಕೊಡವಿದ ಸದ್ದು, ಎದ್ದಳೇ, ಸಾಲಿಗೆ ಬರುತ್ತಾಳೋ ರಸ್ತೆ ಹಿಡಿಯುತ್ತಾಳೋ, ಗಾಡಿ ಬದಲಿಸಲು ಬರುತ್ತದೋ ಇಲ್ಲವೋ ಅವಳಿಗೆ, ಒಮ್ಮೆ ಕೂಗಬೇಕು, ಯಲ್ಲೂ ಅಂತ ಒಮ್ಮೆ — ಚಂಪಾಬಾಯಿಯ ಎರಡು ಕೈ, ತುಂಬಿದ ಪುಟ್ಟಿ, ಇಸಿದುಕೊಂಡಳು, ಕೊಟ್ಟಳು, ಈಗ ನೋಡಬೇಕು, ಕತ್ತು ತಿರುಗಿಸುವಷ್ಟರಲ್ಲಿ ಎರಡು ಕೈ, ತುಂಬಿದ ಪುಟ್ಟಿ, ಕೊಟ್ಟು ತಿರುಗಿದರೆ ಎರಡು ಕೈ, ಎತ್ತಿ ಹಿಡಿದ ಎರಡು ಕೈ