ತರಗತಿಗೆ ಇಪ್ಪತ್ತಮೂರು

ಶಾಲೆಯ ಮುಂದೆ ಅಕ್ಕನ ದೇಹವನ್ನು ಗಾಡಿಗೇರಿಸುವಾಗ ತಮ್ಮನ ಕೈ ಜಾರಿತು. ಪಕ್ಕದ ಕೋಣೆಯ ಟೀಚರಮ್ಮ ಓಡಿಬಂದು ಆ ಮೂಲೆಗೆ ತಾವೇ ಹೆಗಲು ಕೊಟ್ಟರು. ಅವರೂ ಅಕ್ಕನೂ ಹದಿನೆಂಟು ವರ್ಷ ಒಂದೇ ಗೋಡೆಯ ಆಚೆ ಈಚೆ ಪಾಠ ಮಾಡಿದವರು.

"ಹಿಂದಿನ ಸಾಲಿನ ಮಕ್ಕಳಿಗೆ ನಿಮ್ಮಕ್ಕ ಪಾಠದ ನಡುವೆ ಬಿದ್ದದ್ದೇ ಗೊತ್ತಾಗ್ಲಿಲ್ಲ ಕಣಪ್ಪ. ಚಾಕ್‌ಪೀಸು ಎತ್ಕೊಳ್ತಿದಾರೆ ಅಂದ್ಕೊಂಡ್ವಂತೆ. ತೊಂಬತ್ತನಾಲ್ಕು ಮಕ್ಕಳು, ಗಲಾಟೆ ಬೇರೆ," ಎಂದರು ಅವರು.

ಆ ತೊಂಬತ್ತನಾಲ್ಕೂ ರಸ್ತೆಯ ಆಚೆ ಅಂಚಿನಲ್ಲಿ ನಿಂತಿದ್ದವು. ತಮ್ಮ ಆ ಕಡೆ ನೋಡಲಿಲ್ಲ.

*

ಅವನು ಶಿಕ್ಷಣ ಇಲಾಖೆಯ ಗುಮಾಸ್ತ. ಯಾವ ದೇಶದಲ್ಲಿ ಒಂದು ತರಗತಿಗೆ ಎಷ್ಟು ಮಕ್ಕಳೆಂಬ ಪಟ್ಟಿ ಮಾಡುವುದು ಅವನ ಕೆಲಸ. ಹೊರದೇಶಗಳ ಲೆಕ್ಕ ಪುಸ್ತಕದಲ್ಲಿ ಸಿಗುತ್ತಿತ್ತು. ಸ್ವಂತ ದೇಶದ್ದಕ್ಕೆ, ಒಟ್ಟು ಮಕ್ಕಳನ್ನು ಒಟ್ಟು ಶಿಕ್ಷಕರಿಂದ ಭಾಗಿಸುವುದು ಕಚೇರಿಯ ವಾಡಿಕೆ. ಪಾಠ ಬಿಟ್ಟು ಕಚೇರಿಯಲ್ಲೇ ಕುರ್ಚಿ ಹಾಕಿಕೊಂಡವರೂ, ವರ್ಷಗಟ್ಟಲೆ ರಜೆಯಲ್ಲಿದ್ದವರೂ ಅದರಲ್ಲಿ ಸೇರುತ್ತಿದ್ದರು. ಹೋದ ವರ್ಷ ತರಗತಿಗೆ ಇಪ್ಪತ್ತಮೂರು ಎಂದು ಬಂತು. ಸಾಹೇಬರು ಬೆನ್ನು ತಟ್ಟಿದರು.

ಆ ವಾರ ಅಕ್ಕ ಊಟಕ್ಕೆ ಬಂದಿದ್ದಳು.

"ಲೋ, ನನ್ನ ಅರ್ಜಿ ನಿನ್ನ ಮೇಜಿಗೇ ಬಂದಿದೆಯಂತೆ. ಇನ್ನೊಬ್ಬ ಟೀಚರ್ ಕೊಡ್ಸೋ, ಕ್ಲಾಸು ಎರಡು ಮಾಡ್ತೀವಿ. ಅಷ್ಟು ಮಕ್ಕಳ ಹೆಸರು ಆ ದೇವರಿಗೆ ನೆನಪಿದ್ದೀತು, ನನ್ ಕೈಲಾಗಲ್ಲ."

"ಬರೀತೀನಿ ಬಿಡಕ್ಕ."

ಬರೆದ. ಇನ್ನೊಬ್ಬರ ಅಗತ್ಯವಿಲ್ಲವೆಂದು ಬರೆದ. ಬೇರೆ ಬರೆದಿದ್ದರೆ ಅವನ ಪಟ್ಟಿಯೇ ಸುಳ್ಳಾಗುತ್ತಿತ್ತು. ತಿರುಗಿ ಬಂದ ಅರ್ಜಿಯ ಮೇಲಿನ ಸಹಿ ಯಾರದೆಂದು ಅಕ್ಕ ಗುರುತಿಸಿದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

*

ತಮ್ಮ ಹೆಡ್‌ಮಾಸ್ಟರನ್ನು ಶಾಲೆಯ ಗೇಟಿನ ಬಳಿ ತಡೆದ.

"ಸಾರ್, ಅಕ್ಕನ ಜಾಗಕ್ಕೆ ಅರ್ಜಿ ಇವತ್ತೇ ಕೊಡಿ. ನಾನೇ ತಗೊಂಡು ಹೋಗ್ತೀನಿ. ಈ ಸಲ ನಿಜ ಬರೀತೀನಿ."

"ಬೆಳಿಗ್ಗೇನೇ ನಿಮ್ಮ ಸಾಹೇಬರಿಗೆ ಫೋನ್ ಮಾಡಿದ್ದೆನಪ್ಪ. ನಿನ್ನ ಪಟ್ಟಿ ತೆಗೆದು ನೋಡಿದ್ರು. ನಿಮ್ಮಕ್ಕನ್ನ ಲೆಕ್ಕದಿಂದ ಬಿಟ್ಟರೂ ಇಪ್ಪತ್ತಮೂರೇ ಬರುತ್ತೆ, ಹೊಸಬರು ಬೇಡವಂತೆ. ಪಟ್ಟಿ ಆಗಲೇ ಹೊರದೇಶಕ್ಕೂ ಹೋಗಿದೆ, ಇನ್ನು ತಿದ್ದೋಕಾಗಲ್ವಂತೆ." ದನಿಯಲ್ಲಿ ಕೊಂಕಿರಲಿಲ್ಲ. "ಮಕ್ಕಳನ್ನ ಪಕ್ಕದ ಕೋಣೆಗೆ ಸೇರಿಸಿದೀನಿ. ಅಲ್ಲಿ ಆಗಲೇ ಎಂಬತ್ತೆಂಟಿವೆ."

"ಟೀಚರಮ್ಮ ಏನಂದ್ರು?"

"ನಕ್ಕರು."

ಅವನು ಗಾಡಿ ಹತ್ತಿ ಡ್ರೈವರನ ಪಕ್ಕ ಕುಳಿತ. ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ನಿಂತಿತು. ಟೀಚರಮ್ಮ ಎರಡೂ ಕೈ ಚಾಚಿ ರಸ್ತೆಯ ನಡುವೆ ನಿಂತು ಮಕ್ಕಳನ್ನು ಶಾಲೆಯ ಕಡೆಗೆ ದಾಟಿಸುತ್ತಿದ್ದರು. ಎರಡೂ ಬದಿಗೆ ವಾಹನಗಳು ಸಾಲುಗಟ್ಟಿದವು. ಯಾರೋ ಹಾರ್ನ್ ಒತ್ತತೊಡಗಿದರು.

"ಎಷ್ಟಿವೆ ಸ್ವಾಮಿ ಇವು?" ಎಂದ ಡ್ರೈವರ್.

ತಮ್ಮ ಮುಂದಕ್ಕೆ ಬಾಗಿ ಒಂದೊಂದಾಗಿ ಎಣಿಸತೊಡಗಿದ.

ಟೀಚರಮ್ಮನ ಒಂದು ಕೈ ಸೋತು ಮೆಲ್ಲಗೆ ಇಳಿಯಿತು. ಅವರು ಅದನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದರು. ಮಕ್ಕಳು ದಾಟುತ್ತಲೇ ಇದ್ದರು.