ಮೆತ್ತೆ ತಂತಿ ಬಿಡುವ ಹೊತ್ತು

ಪಿಯಾನೋ ರಿಪೇರಿಯವನ ಅರ್ಧ ಆಯುಷ್ಯ ಪಿಯಾನೋದ ಹೊಟ್ಟೆಯೊಳಗೇ ಕಳೆದಿತ್ತು. ಆವತ್ತು ಮಧ್ಯಾಹ್ನವೂ ಸಂಗೀತ ಶಾಲೆಯ ಹಜಾರದಲ್ಲಿ, ಗ್ರ್ಯಾಂಡ್ ಪಿಯಾನೋದ ಕೀಗಳ ಚೌಕಟ್ಟನ್ನು ಹೊರಗೆಳೆದಿಟ್ಟು, ಖಾಲಿಯಾದ ಗೂಡಿಗೆ ತಲೆ ತೂರಿಸಿ ಕೂತಿದ್ದ. ಮಗಳು ಪಕ್ಕದಲ್ಲಿ ನಿಂತು ಮೇಲಿನಿಂದ ಡ್ಯಾಂಪರ್‌ಗಳ ಸಾಲು ನೋಡುತ್ತಿದ್ದಳು. ಒಂದೊಂದೂ ಉಣ್ಣೆಯ ಮೆತ್ತೆ ಅಂಟಿಸಿದ ಪುಟ್ಟ ಮರದ ತುಂಡು. ಕೀ ಅರ್ಧ ಇಳಿದಾಗ ಅದು ತಂತಿ ಬಿಟ್ಟೇಳಬೇಕು, ಕೀ ಬಿಟ್ಟಾಗ ಕೂತು ದನಿ ಅಡಗಿಸಬೇಕು. ಬೇಗ ಎದ್ದದ್ದು ತಡವಾಗಿ ಕೂರುತ್ತದೆ. ಮುಗಿಯಬೇಕಾದ ಸ್ವರ ನರಳುತ್ತಾ ಉಳಿಯುತ್ತದೆ.

ಅವನು ಡ್ಯಾಂಪರ್ ಎತ್ತುವ ಒಳಗಿನ ಸನ್ನೆಗೋಲನ್ನು ಬೆರಳಿಂದ ಮೆಲ್ಲಗೆ ಎತ್ತಬೇಕು. ಮೆತ್ತೆ ತಂತಿ ಬಿಟ್ಟ ಕ್ಷಣ ಮೇಲಿದ್ದವರು ‘ಸಾಕು’ ಅನ್ನಬೇಕು. ಬೆರಳು ಎಷ್ಟು ಏರಿತ್ತು ನೋಡಿ ಅವನು ಸ್ಕ್ರೂ ಸರಿಪಡಿಸುತ್ತಾನೆ. ಮೂವತ್ತು ವರ್ಷ ಆ ಮಾತು ಹೇಳಿದವಳು ಹೆಂಡತಿ. ಪದ್ಯ ಓದುವವರು ನಿಲ್ಲಬೇಕಾದಲ್ಲೇ ಉಸಿರು ನಿಲ್ಲಿಸುವಂತೆ, ಕೂದಲೆಳೆಯಷ್ಟೂ ಹಿಂದೆಮುಂದಾಗದೆ ಹೇಳುತ್ತಿದ್ದಳು.

"ಸಾಕು," ಎಂದಳು ಮಗಳು.

"ನಾನಿನ್ನೂ ಎತ್ತೇ ಇಲ್ವಲ್ಲೇ."

"ಎತ್ತಿದ ಹಾಗೆ ಕಾಣಿಸ್ತು."

"ಕಣ್ಣು ಎಲ್ಲಿಟ್ಟಿದ್ದೆ? ನಿಮ್ಮಮ್ಮ ಒಂದು ದಿನವೂ ಮುಂಚೆ ಹೇಳಿದವಳಲ್ಲ."

"ಅಮ್ಮ ನಿನ್ನನ್ನ ಮೂವತ್ತು ವರ್ಷ ಸಹಿಸ್ಕೊಂಡ್ಳು. ನಾನು ಬಂದು ಇನ್ನೂ ಒಂದು ಗಂಟೆ."

ಅವನಿಗೆ ನಗು ಬಂದಿತು. ಬಂದಷ್ಟೇ ಬೇಗ ಬತ್ತಿತು. ಹೆಂಡತಿ ಹತ್ತೊಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಮೆದುಳಿನಲ್ಲಿ ರಕ್ತನಾಳ ಒಡೆದು ಮೈಯ ಬಲಭಾಗ ಬಿದ್ದುಹೋಗಿತ್ತು. ಎರಡು ಸಲ ಗಂಟಲಿಗೆ ಉಸಿರಿನ ಕೊಳವೆ ಇಳಿಸಿ ತೆಗೆದಿದ್ದರು. ಮೂರನೆಯ ಸಲ ಇಳಿಸಬೇಕೋ ಬೇಡವೋ, ಸಂಜೆಯೊಳಗೆ ಹೇಳಿ ಎಂದಿದ್ದರು ಡಾಕ್ಟರು. ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು: ಸಾಕು.

ಮಗಳು ಮೆತ್ತೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು, "ಅಪ್ಪ, ಅವಳೇ ಹೇಳ್ತಿದಾಳಲ್ಲ. ಇನ್ನೇನು ಕೇಳ್ಬೇಕು?"

"ಅದು ಕೆಲಸದ ಮಾತು ಕಣೆ. ದಿನಕ್ಕೆ ನೂರು ಸಲ ಹೇಳಿದ್ದು. ನಾಲಿಗೆಗೆ ಅಂಟ್ಕೊಂಡಿದೆ, ಅಷ್ಟೆ."

"ಅಂಟ್ಕೊಂಡಿರೋದು ಅವಳ ನಾಲಿಗೆಗೋ, ನಿನ್ನ ಕಿವಿಗೋ?"

ಅವನು ಮತ್ತೆ ಗೂಡಿಗೆ ತಲೆ ತೂರಿಸಿದ. ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಸ್ಕ್ರೂ ಬಿಗಿದು, ಕೀಗಳನ್ನು ಒಳಗೆ ತಳ್ಳಿ, ಒಂದೊಂದನ್ನೇ ಒತ್ತಿ ಬಿಟ್ಟ. ದನಿ ಎದ್ದಿತು, ಬಿಟ್ಟಾಗ ನಿಂತಿತು. ಮಧ್ಯದ ಒಂದು ಸ್ವರ ಮಾತ್ರ ಬಿಟ್ಟ ಮೇಲೂ ಎಳೆಯುತ್ತಿತ್ತು. ಮಗಳು ಬೇಗ ಹೇಳಿದ್ದರಲ್ಲೊಂದು ಅವನ ಕಣ್ಣುತಪ್ಪಿ ಉಳಿದಿತ್ತು. ಚೌಕಟ್ಟು ಮತ್ತೆ ಹೊರಗೆಳೆದು ಅದನ್ನೂ ಸರಿಪಡಿಸಿದ ಮೇಲೆಯೇ ಹೊರಟದ್ದು.

ಆಸ್ಪತ್ರೆಯಲ್ಲಿ ಹೆಂಡತಿ ಕಣ್ಣು ಬಿಟ್ಟುಕೊಂಡಿದ್ದಳು. ಒಂದೊಂದು ಉಸಿರಿಗೂ ಕೊರಳಿನ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಅವನು ಕುರ್ಚಿ ಎಳೆದು ಕೂತ.

"ಇವಳೇ, ಶಾಲೆ ಕೆಲಸ ಮುಗೀತು. ನಿನ್ನ ಮಗಳು ಎಡವಟ್ಟು. ಒಂದನ್ನ ಎರಡು ಸಲ ಬಿಚ್ಚಿದೆ."

ಅವಳ ತುಟಿಯ ಎಡಮೂಲೆ ಸ್ವಲ್ಪ ಏರಿತು.

ಅವನು ಅವಳ ಎಡಗೈಯ ತೋರುಬೆರಳಿನ ಕೆಳಗೆ ತನ್ನ ಬೆರಳನ್ನಿಟ್ಟ. "ಎತ್ತುತೀನಿ. ಬಿಟ್ಟಾಗ ಹೇಳು," ಎಂದು, ಅಷ್ಟೂ ವರ್ಷ ಪಿಯಾನೋದೊಳಗಿಂದ ಹೇಳುತ್ತಿದ್ದ ದನಿಯಲ್ಲೇ ಹೇಳಿದ. ಅವಳ ಬೆರಳು ಹಾಸಿಗೆ ಬಿಟ್ಟ ಕ್ಷಣ ಅವಳು ಹೇಳಿದರೆ, ಅದು ಕೆಲಸದ ಮಾತು. ಹಾಗಾದರೆ ಕೊಳವೆ ಇಳಿಸಿ ಎನ್ನಬಹುದು. ಬಾಗಿಲಲ್ಲಿ ನಿಂತ ಮಗಳಿಗೂ ಅದು ಅರ್ಥವಾಗಿತ್ತು.

ಅವನು ಮೆಲ್ಲಗೆ ಎತ್ತಿದ. ಬೆರಳು ಹಾಸಿಗೆ ಬಿಟ್ಟಿತು. ಅವಳು ಸುಮ್ಮನಿದ್ದಳು. ಇನ್ನೂ ಎತ್ತಿದ, ಅವಳು ಬೆರಳಿನ ಕಡೆ ನೋಡಲೂ ಇಲ್ಲ. ಕೆಳಗಿಳಿಸಿ, ಮತ್ತೊಮ್ಮೆ ಶುರುಮಾಡಬೇಕೆಂದು ಅವನು ಉಸಿರೆಳೆದುಕೊಂಡ. ಬೆರಳು ಇನ್ನೂ ಅಲುಗಿರಲಿಲ್ಲ.

"ಸಾಕು," ಎಂದಳು, ಅವನ ಮುಖ ನೋಡುತ್ತಾ.

ಮೂವತ್ತು ವರ್ಷದಲ್ಲಿ ಅವಳು ಮುಂಚೆ ಹೇಳಿದ್ದು ಅದೇ ಮೊದಲು.

ಅವನು ಬೆರಳು ತೆಗೆಯಲಿಲ್ಲ. ತಿರುಗದೆಯೇ ಮಗಳಿಗೆ ಹೇಳಿದ, "ಡಾಕ್ಟರನ್ನ ಕರಿ. ಕೊಳವೆ ಬೇಡ ಅನ್ನು."

"ಅಪ್ಪ, ಇನ್ನೊಂದು ಸಲ ನೋಡ್ಬಹುದಿತ್ತಲ್ಲ," ಎಂದಳು ಮಗಳು.

"ಅವಳು ತಪ್ಪು ಹೇಳೋಳಲ್ಲ," ಎಂದ ಅವನು. "ಹೋಗು."